ಸೋಲಾರ್ ಲೆಕ್ಕದಲ್ಲಿ ಇಲ್ಲದ ಇಸ್ತ್ರಿಪೆಟ್ಟಿಗೆ

ಸೋಲಾರಿನವನು ಮನೆಗೆ ಬರುತ್ತಾನೆ ಅಂತ ಗೊತ್ತಾದ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಇಸ್ತ್ರಿಪೆಟ್ಟಿಗೆ ಬಚ್ಚಿಟ್ಟದ್ದು. ಹಳೆ ಲಂಗದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ, ಮದುವೆ ಸೀರೆಗಳ ಕೆಳಗೆ ಇಟ್ಟೆ. ನೀರು ಕಾಯಿಸುವ ಹೀಟರ್ ರಾಡನ್ನು ಮಂಚದ ಅಡಿಗೆ ನೂಕಿದೆ. ಕೂಲರಿಗೆ ಚಾದರ ಹೊದಿಸಿ ಅದರ ಮೇಲೆ ಹೊಲಿಯಲು ಬಂದ ಬ್ಲೌಸುಗಳ ಗಂಟು ಪೇರಿಸಿದೆ. ಹೊಲಿಗೆ ಮಷೀನಿನ ಮೋಟರು ಬಿಚ್ಚಿ, ಕಾಲಿನಿಂದ ತುಳಿಯುವ ಹಳೆ ಪಟ್ಟಾ ಹಾಕಿದೆ. ಇಷ್ಟೆಲ್ಲ ಮುಗಿಸಿ ಮಂಚದ ಮೇಲೆ ಕೂತಾಗ ನನಗೇ ನಗು ಬಂತು, ಆ ನಗುವಿನ ಹಿಂದೆಯೇ ಕಸಿವಿಸಿಯೂ ಬಂತು. ಐವತ್ತು ದಾಟಿದ ಹೆಂಗಸು ನಾನು. ಕದ್ದ ಮಾಲು ಮುಚ್ಚಿಡುವವಳಂತೆ ಕೋಣೆಯ ತುಂಬ ಓಡಾಡಿದ್ದೆ. ಅದೂ ನನ್ನ ಹೊಲಿಗೆಯ ದುಡ್ಡಿನಲ್ಲೇ ಕೊಂಡ ಸಾಮಾನಿಗಾಗಿ.

ಮನೆ ತಮ್ಮನದು. ಬೀದರಿನ ಹಳೆ ಊರಿನ ಒಂದು ಗಲ್ಲಿಯಲ್ಲಿದೆ. ತಮ್ಮ ಊರ ಹೊರಗೆ ಕೊಳಾರದ ಕಡೆ ಒಂದು ಗೋದಾಮಿನಲ್ಲಿ ಬಂದ ಮಾಲು, ಹೋದ ಮಾಲು ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಔರಾದಿನವಳು. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿ ಓದುತ್ತಾಳೆ, ಹಬ್ಬಕ್ಕೆ ಬರುತ್ತಾಳೆ. ಉಳಿದಂತೆ ಮನೆಯಲ್ಲಿ ನಾವು ಮೂವರೇ. ರಸ್ತೆಗೆ ಹೊಂದಿದ ಕೋಣೆ ನನಗೆ ಬಿಟ್ಟುಕೊಟ್ಟಿದ್ದಾರೆ, ಬ್ಲೌಸು ಹೊಲಿಸುವವರು ಬಂದುಹೋಗಲು ಸಲೀಸಾಗಲಿ ಅಂತ. ಹೀಗೆ ಎಲ್ಲ ಇದ್ದರೂ ನಮ್ಮ ಮನೆ ಅನ್ನುವ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಯಾರೇ ಕೇಳಲಿ, ತಮ್ಮನ ಮನೆಯಲ್ಲಿ ಇದ್ದೇನೆ ಅನ್ನುತ್ತಿದ್ದೆ. ಕೇಳಿದವರಿಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ.

ಇದಕ್ಕೆ ಭಾಲ್ಕಿಯ ಕಥೆ ಹೇಳಬೇಕು, ಇಲ್ಲವಾದರೆ ಇಸ್ತ್ರಿಪೆಟ್ಟಿಗೆಗೆ ಹೆದರುವ ಹೆಂಗಸನ್ನು ನೀವು ಹುಚ್ಚಿ ಅಂದುಕೊಳ್ಳುತ್ತೀರಿ. ನನ್ನನ್ನು ಕೊಟ್ಟದ್ದು ಭಾಲ್ಕಿಗೆ. ದೊಡ್ಡ ಮನೆ, ನಡುವೆ ಅಂಗಳ, ಸುತ್ತ ಕೋಣೆಗಳು. ಗಂಡ ಇರುವ ತನಕ ಆ ಮನೆಯಲ್ಲಿ ಯಾರು ಎಷ್ಟು ಲೈಟು ಹಚ್ಚಿದರು ಅಂತ ಯಾರೂ ನೋಡಿದವರಲ್ಲ. ಅವರು ತೀರಿಕೊಂಡು ವರ್ಷ ತುಂಬುವ ಮೊದಲೇ ಮೈದುನ ಒಬ್ಬ ಇಲೆಕ್ಟ್ರಿಶಿಯನ್ನನ್ನು ಕರೆತಂದು ನನ್ನ ಕೋಣೆಯ ಬಾಗಿಲ ಪಕ್ಕ ಒಂದು ಸಬ್ ಮೀಟರು ಕೂರಿಸಿದ. ಜಗಳ ಬರಬಾರದು, ಹಿಸಾಬು ಸಾಫ್ ಇರಲಿ ಅಂತ ಅವನ ಮಾತು. ಬಾಡಿಗೆಗೆ ಇದ್ದವರಿಗೆ ಹಾಕುವ ಹಾಗೆ ನನಗೂ ಒಂದು ಹಾಕಿದ, ಅಷ್ಟೇ.

ತಿಂಗಳ ಕೊನೆಗೆ ಅವನು ಸ್ಟೂಲಿನ ಮೇಲೆ ನಿಂತು ಆ ಮೀಟರನ್ನು ಗಟ್ಟಿಯಾಗಿ ಓದುತ್ತಿದ್ದ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಅವನು ಹೇಳಿದ್ದನ್ನು ತಿರುಗಿ ಹೇಳುತ್ತಿದ್ದಳು, ಮನೆ ಮಂದಿಗೆಲ್ಲ ಕೇಳಲಿ ಅನ್ನುವಂತೆ. ನನ್ನಿಂದ ಬರಬೇಕಾದದ್ದು ಚಿಲ್ಲರೆ ಕಾಸು, ಅದನ್ನು ಕೊಟ್ಟುಬಿಡುತ್ತಿದ್ದೆ. ಕೊಡುವುದರಲ್ಲಿ ಏನೂ ಇರಲಿಲ್ಲ, ಓದಿಸಿಕೊಳ್ಳುವುದರಲ್ಲಿ ಇತ್ತು. ಒಮ್ಮೆ ನನ್ನ ಅವ್ವ ಬಂದು ಒಂದು ವಾರ ಇದ್ದು ಹೋದಳು. ಆ ತಿಂಗಳು ಮೀಟರು ಓದುವಾಗ ಮೈದುನ ಸ್ವಲ್ಪ ತಡೆದು, ಈ ಸಲ ಫ್ಯಾನು ಜೋರು ತಿರುಗೇದ ಅಂತ ನಕ್ಕ. ಅವ್ವ ಬಂದು ಮಲಗಿದ್ದ ಮಧ್ಯಾಹ್ನಗಳ ಗಾಳಿಯೂ ಲೆಕ್ಕಕ್ಕೆ ಸಿಕ್ಕಿತ್ತು. ಅವತ್ತಿನಿಂದ ನಾನು ಹೊಸ್ತಿಲಿನಲ್ಲಿ ಬೆಳಕಿಗೆ ಕೂತು ಹೊಲಿಯುವುದು ರೂಢಿ ಮಾಡಿಕೊಂಡೆ. ಕೊನೆಗೆ ತಮ್ಮ ಬಂದು, ಒಂದು ಮಾತೂ ಆಡದೆ ಮಷೀನನ್ನು ಟೆಂಪೋಕ್ಕೆ ಏರಿಸಿ ನನ್ನನ್ನು ಬೀದರಿಗೆ ಕರೆತಂದ.

ಬೀದರಿನ ಮನೆಯಲ್ಲಿ ಒಂದೇ ಮೀಟರು. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಬಂದ ಹೊಸದರಲ್ಲಿ ಕಣ್ಣು ಮುಚ್ಚಿ ಖರ್ಚು ಮಾಡಿದೆ. ಮೋಟರು ತಂದೆ, ಇಸ್ತ್ರಿಪೆಟ್ಟಿಗೆ ತಂದೆ, ಮೊದಲ ಬೇಸಗೆಗೆ ಕೂಲರು, ಚಳಿಗೆ ರಾಡು. ಹೊಲಿದ ಬ್ಲೌಸಿಗೆ ಇಸ್ತ್ರಿ ಮಾಡಿ, ಮಡಚಿ ಕೊಟ್ಟರೆ ಗಿರಾಕಿಯ ಮುಖವೇ ಬೇರೆ. ಸರ್ಕಾರದ ಪುಕ್ಕಟೆ ಕರೆಂಟು ಬಂದ ಮೇಲಂತೂ ಇನ್ನೂ ಧೈರ್ಯ ಬಂತು. ಅದಕ್ಕೊಂದಿಷ್ಟು ಕಾನೂನು ಇದೆ, ನನಗೆ ತಿಳಿದದ್ದು ಇಷ್ಟು: ತಿಂಗಳಿಗೆ ಇನ್ನೂರು ಯೂನಿಟ್ಟಿನ ಒಳಗಿದ್ದರೆ ಬಿಲ್ಲು ಸೊನ್ನೆ, ದಾಟಿತೋ, ದಾಟಿದಷ್ಟಕ್ಕಲ್ಲ, ಮೊದಲಿನಿಂದ ಕೊನೆಯವರೆಗೂ ಎಲ್ಲದಕ್ಕೂ ಬಿಲ್ಲು. ಹಾಗಾಗಿ ಬೇಸಗೆಯಲ್ಲಿ ನಮ್ಮ ಓಣಿಯ ಹೆಂಗಸರು ಮಳೆಯ ಸುದ್ದಿಗಿಂತ ಮೀಟರಿನ ಸುದ್ದಿ ಹೆಚ್ಚು ಮಾತಾಡುತ್ತಾರೆ.

ಹೋದ ಬೇಸಗೆಯಲ್ಲಿ ಅದು ದಾಟಿತು. ಮೀಟರು ಓದಲು ಬಂದವನು ಬಾಗಿಲಲ್ಲಿ ನಿಂತು, ಈ ಸಲ ದಾಟೇದ್ರಿ, ಅಂತ ತಮ್ಮನಿಗೆ ಹೇಳಿದ್ದು ನನ್ನ ಕಿಟಕಿಗೆ ಕೇಳಿಸಿತು. ತಮ್ಮ ಬಿಲ್ಲು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಎಷ್ಟು ಬಂತು ಅಂತ ನಾನು ಊಟದ ಹೊತ್ತಿಗೆ ಕೇಳಿದರೆ, ಸೊನ್ನೀನೇ ಅಕ್ಕಾ ಅಂದ. ಮುಖ ನೋಡದೆ ಅಂದ. ಅವನು ಸಿಟ್ಟು ಮಾಡಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು. ಅವನು ಸುಳ್ಳು ಹೇಳಿದ, ಅದೂ ನನ್ನ ಮಾನ ಉಳಿಸಲು. ಅದರಂಥ ಅವಮಾನ ಬೇರೊಂದಿಲ್ಲ ಅಂತ ಆಗ ನನಗೆ ಅನ್ನಿಸಿತ್ತು.

ಅವತ್ತಿನಿಂದ ನನ್ನ ಉಳಿತಾಯ ಶುರುವಾಯಿತು. ಕೂಲರು ಬಂದ್ ಮಾಡಿದೆ, ಬೆನ್ನು ನೋಯುತ್ತದೆ ಅಂತ ನೆಪ ಹೇಳಿದೆ. ಒದ್ದೆ ಟವೆಲ್ಲು ಕಿಟಕಿಗೆ ಕಟ್ಟಿ ಮಲಗಿದೆ. ಇಸ್ತ್ರಿ ಮಾಡುವುದಿದ್ದರೆ ತಮ್ಮನ ಹೆಂಡತಿ ಸಂತೆಗೆ ಹೋದಾಗ ಕದ್ದು ಮಾಡಿ, ಪೆಟ್ಟಿಗೆ ಆರುವ ಮೊದಲೇ ಅಡಗಿಸಿ ಇಡುತ್ತಿದ್ದೆ. ಅವಳು ಒಳಗೆ ಬಂದಾಗ ಕೋಣೆಯಲ್ಲಿ ಸುಟ್ಟ ಬಟ್ಟೆಯ ವಾಸನೆ ಇರುತ್ತಿತ್ತು. ಅವಳು ಒಂದು ದಿನವೂ ಕೇಳಲಿಲ್ಲ. ಕೇಳದಿರುವುದನ್ನೂ ನಾನು ಅವಳ ಬಿಗುಮಾನ ಅಂದುಕೊಂಡೆ.

ಅದೇ ದಿನಗಳಲ್ಲಿ ಮನೆಯ ಫ್ರಿಡ್ಜು ಕೆಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಪ್ಲಗ್ಗು ಬಿಚ್ಚಿ ಮೇಲೆ ಸುತ್ತಿಟ್ಟಿತ್ತು. ಕಂಪ್ರೆಸರ್ ಹೋಗೇದಂತ್ರಿ ಅಕ್ಕಾರ, ಮಾಡಸೋದಕ್ಕಿಂತ ಹೊಸಾದೇ ಬರ್ತದಂತ, ಅಂದಳು ತಮ್ಮನ ಹೆಂಡತಿ. ಬೀದರಿನ ಬೇಸಗೆಯಲ್ಲಿ ಫ್ರಿಡ್ಜಿಲ್ಲದೆ ಹೇಗೆ? ಹಾಲು ಒಡೆಯಿತು, ಹಿಟ್ಟು ಹುಳಿಯಿತು, ತಣ್ಣೀರು ಅಂದರೆ ಮಡಕೆಯದೇ. ಹೊಸದನ್ನು ತರುವುದಿಲ್ಲ, ಹಳೆಯದನ್ನು ಮಾಡಿಸುವುದಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಹೇಳುವ ಹಕ್ಕು ಮಾತ್ರ ನನಗಿಲ್ಲ ಅಂತ ಸುಮ್ಮನಿದ್ದೆ. ಸುಮ್ಮನಿದ್ದೆ ಅಂದರೆ ಮನೆಯೊಳಗೆ ಸುಮ್ಮನಿದ್ದೆ. ಪಕ್ಕದ ಮನೆಯ ಆಪಾ ಬ್ಲೌಸಿಗೆ ಹುಕ್ಕು ಹಚ್ಚಿಸಲು ಬಂದಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಹಾಕಿದೆ. ಈಗಿನ ಹುಡುಗಿಯರಿಗೆ ಮನೆ ನಡೆಸುವುದು ಗೊತ್ತಿಲ್ಲ, ಕೆಟ್ಟ ಸಾಮಾನು ಹಾಗೇ ನಿಲ್ಲಿಸಿಕೊಂಡು ಕೂತಿದ್ದಾಳೆ, ಔರಾದಿನ ತವರಿನ ಜಿಪುಣತನ ರಕ್ತದಲ್ಲೇ ಇದೆ ಅಂತ. ಆಪಾ ತಲೆ ಎತ್ತಲಿಲ್ಲ. ಹುಕ್ಕಿನ ಮೇಲೆ ಬೆರಳಾಡಿಸುತ್ತ, ಹೋಗಲಿ ಬಿಡು ತಂಗಿ, ಅಂತ ತಮ್ಮ ದಖನಿ ಉರ್ದುವಿನಲ್ಲಿ ಅಂದು ಎದ್ದು ಹೋದರು. ಆಪಾಗೂ ವಯಸ್ಸಾಯಿತು, ಮಾತು ತಲೆಗೆ ಹೋಗುವುದಿಲ್ಲ ಅಂದುಕೊಂಡೆ ನಾನು.

ದಸರೆಗೆ ಔರಾದಿಗೆ ಹೋದೆವು. ತಮ್ಮನ ಮಾವ ಆ ವರ್ಷ ಮನೆಯ ಮೇಲೆ ಸೋಲಾರ್ ಹಾಕಿಸಿದ್ದರು. ಒಳ್ಳೆಯ ಮನುಷ್ಯ, ಆದರೆ ಹೊಸ ಸಾಮಾನು ಬಂದರೆ ಓಣಿಗೆಲ್ಲ ತೋರಿಸುವ ಚಾಳಿ. ಬಂದವರಿಗೆ ನೀರು ಕೊಡುವ ಮೊದಲು ಮೊಬೈಲು ಕೊಡುತ್ತಿದ್ದರು. ಅದರಲ್ಲಿ ಅವತ್ತಿನ ಬಿಸಿಲು ಎಷ್ಟು ಯೂನಿಟ್ಟು ಹುಟ್ಟಿಸಿತು ಅಂತ ಹಳದಿ ಗೆರೆ ಏರಿ ಇಳಿಯುತ್ತಿತ್ತು. ಮೋಡ ಕವಿದರೆ ಅವರ ಮುಖವೂ ಕವಿಯುತ್ತಿತ್ತು, ಮೊಬೈಲು ಕಿಸೆಗೆ ಹೋಗುತ್ತಿತ್ತು. ಎಷ್ಟು ಹಾಕಿದೆ, ಎಷ್ಟು ಸಬ್ಸಿಡಿ ಬಂತು, ಎಷ್ಟು ಉಳಿಯಿತು, ಎಲ್ಲ ಬಾಯಿಪಾಠ. ಅವರ ಮನೆಯಲ್ಲಿ ಎರಡು ಏಸಿ, ಹಿಟ್ಟಿನ ಗಿರಣಿ, ನೀರಿನ ಮೋಟರು. ಪುಕ್ಕಟೆ ಕರೆಂಟಿನ ಗೆರೆಯನ್ನು ಯಾವಾಗಲೋ ದಾಟಿದ ಮನೆ.

ಊಟಕ್ಕೆ ಕೂತಾಗ ಅವರು ತಮ್ಮನನ್ನು ಕೇಳಿದರು, ನಿಮ್ಮಲ್ಲಿ ಎಷ್ಟು ಸುಡುತ್ತದೆ ಅಂತ. ತಮ್ಮ ಇನ್ನೂರರ ಆಜುಬಾಜು ಅಂದ.

"ಮೂರ ಮಂದಿಗೆ ಇನ್ನೂರಾ? ಯಾರು ಸುಡ್ತಾರಪಾ ಅಷ್ಟು?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಲೆಕ್ಕದ ಮನುಷ್ಯ, ಲೆಕ್ಕ ಕೂಡಲಿಲ್ಲ ಅಂತ ಕೇಳಿದರು. ಆದರೂ ಆ ಕ್ಷಣದಲ್ಲಿ ನಾನು ಸ್ಟೂಲಿನ ಮೇಲೆ ನಿಂತ ಮೈದುನನನ್ನು ಕಂಡೆ. ತಮ್ಮನ ಹೆಂಡತಿ ಬಡಿಸುತ್ತಿದ್ದಳು; ಬಂದವಳೇ ಕೇಳದೆ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು ಮುಂದೆ ಹೋದಳು. ಬಾಯಿ ಮುಚ್ಚಿಸಲು ಹಾಕಿದಳು ಅಂತ ನಾನು ಅದಕ್ಕೂ ಒಂದು ಅರ್ಥ ಹಚ್ಚಿದೆ. ವಾಪಸು ಬರುವ ಬಸ್ಸಿನಲ್ಲಿ ತಮ್ಮ, ನಾವೂ ಒಮ್ಮೆ ಎಸ್ಟಿಮೇಟ್ ಮಾಡಿಸೋಣ, ಮಾವ ನಂಬರು ಕೊಟ್ಟಿದ್ದಾರೆ ಅಂದ. ಹೆಂಡತಿ ತಲೆ ಆಡಿಸಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಎಸ್ಟಿಮೇಟ್ ಮಾಡುವವನು ಕೋಣೆ ಕೋಣೆಗೆ ಬಂದು ಏನೇನಿದೆ ಅಂತ ಕೇಳುತ್ತಾನೆ ಅನ್ನುವುದನ್ನು ಔರಾದಿನಲ್ಲೇ ಕೇಳಿಸಿಕೊಂಡಿದ್ದೆ. ಮತ್ತೆ ನನ್ನ ಕೋಣೆಯ ಲೆಕ್ಕ ಬೇರೆಯಾಗಿ ಹೊರಗೆ ಬರುತ್ತದೆ. ಆಮೇಲೆ ತಮ್ಮ ಎಷ್ಟು ಒಳ್ಳೆಯವನಾದರೂ ಅದು ಅವನ ತಲೆಯಲ್ಲಿ ಉಳಿಯುತ್ತದೆ, ಅವನ ಹೆಂಡತಿಯ ತಲೆಯಲ್ಲಿ ಇನ್ನೂ ಹೆಚ್ಚು ಉಳಿಯುತ್ತದೆ. ಇಲ್ಲಿಂದ ಎಬ್ಬಿಸಿದರೆ ನನಗೆ ಹೋಗಲು ಇನ್ನೊಂದು ಮನೆ ಇರಲಿಲ್ಲ.

ಎಸ್ಟಿಮೇಟಿಗೆ ಬಂದ ಸೋಲಾರಿನವನು ಕುಳ್ಳಗೆ, ಉತ್ಸಾಹದ ಮನುಷ್ಯ. ಮಾತಿಗೆ ಕಡಿಮೆ ಇಲ್ಲ. ಹಿಂದೆ ಫ್ರಿಡ್ಜು, ವಾಷಿಂಗ್ ಮಷೀನು ರಿಪೇರಿ ಮಾಡುತ್ತಿದ್ದನಂತೆ, ಈಗ ಬಿಸಿಲಿನ ವ್ಯಾಪಾರ ಅಂತ ತಾನೇ ಹೇಳಿಕೊಂಡ. ಮೊದಲು ಮಾಳಿಗೆ ನೋಡಬೇಕು ಅಂದ. ತಮ್ಮನ ಹೆಂಡತಿ ಗೋಡೆಯ ಹತ್ತಿರ ಹೋಗಿ, ಗಂಡಸರು ಮೇಲೆ ಹೊಂಟಾರ್ರಿ ಆಪಾ, ಅಂತ ಕೂಗಿ ಹೇಳಿದಳು. ಆಪಾನ ಅಂಗಳ ನಮ್ಮ ಮಾಳಿಗೆಯಿಂದ ಪೂರ್ತಿ ಕಾಣುತ್ತದೆ. ಆಚೆಯಿಂದ ಹೂಂ ಅಂತ ಬಂದ ಮೇಲೆ ಅವನು ಹತ್ತಿದ. ಟೇಪು ಹಿಡಿದು ಅಳತೆ ಮಾಡಿದ. ಬಿಸಲು ಛಲೋ ಅದ, ನೀರಿನ ಟಾಕಿ ನೆರಳೊಂದು ಬಿಟ್ರ ತಕಲೀಫ್ ಇಲ್ರಿ, ಅನ್ನುತ್ತ ಇಳಿದು ಬಂದ.

ಆಮೇಲೆ ಕೋಣೆಗಳ ಸರದಿ. ಅವನ ಲೆಕ್ಕ ಎರಡು ಕಡೆಯಿಂದ ನಡೆಯುತ್ತದೆ: ಒಂದು ಕಡೆ ಹಳೆ ಬಿಲ್ಲುಗಳಲ್ಲಿ ಎಷ್ಟು ಯೂನಿಟ್ಟು ಅಂತ ನೋಡುವುದು, ಇನ್ನೊಂದು ಕಡೆ ಮನೆಯಲ್ಲಿ ಏನೇನಿದೆ, ದಿನಕ್ಕೆ ಎಷ್ಟು ಹೊತ್ತು ನಡೆಯುತ್ತದೆ ಅಂತ ಕೂಡಿಸುವುದು. ಎರಡೂ ಹತ್ತಿರ ಹತ್ತಿರ ಬಂದರೆ ಲೆಕ್ಕ ಸರಿ. ನನ್ನ ಬಾಗಿಲಿಗೆ ಬಂದು ನಿಂತ. ಒಂದು ಲೈಟು, ಒಂದು ಫ್ಯಾನು, ಅಂದೆ ನಾನು. ಮತ್ತ, ಅಂದ. ಅಷ್ಟೇ, ಅಂದೆ. ಅವನ ಕಣ್ಣು ಚಾದರ ಹೊದ್ದ ಕೂಲರಿನ ಮೇಲೆ ಹೋಯಿತು. ಚಾದರದ ಕೆಳಗೆ ಅದರ ಗಾಲಿ ಇಣುಕುತ್ತಿತ್ತು. ಹಿಂದೆ ತಮ್ಮನ ಹೆಂಡತಿ ಬಾಗಿಲ ಚೌಕಟ್ಟಿಗೆ ಆತುಕೊಂಡಿದ್ದಳು. ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿಕೊಂಡಳು. ಅವನು ಲೈಟು, ಫ್ಯಾನು ಬರೆದುಕೊಂಡು ಹೋದ. ಗೆದ್ದೆ ಅನ್ನಿಸಬೇಕಿತ್ತು ನನಗೆ. ಮೈಯೆಲ್ಲ ಬೆವೆತಿತ್ತು.

ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅವನು ಮೊಬೈಲಿನಲ್ಲಿ ಕೂಡಿಸಿ ಕಳೆದು ತೋರಿಸಿದ. ಒಂದು ಕಿಲೋವ್ಯಾಟಿನ ಹಲಗೆಗಳು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡುತ್ತವೆ, ಮಳೆಗಾಲದಲ್ಲಿ ಕಡಿಮೆ, ಬೇಸಗೆಯಲ್ಲಿ ಸ್ವಲ್ಪ ಹೆಚ್ಚು. ಹಾಕುವ ಖರ್ಚಿನಲ್ಲಿ ಸಬ್ಸಿಡಿ ಕಳೆಯಬೇಕು. ಉಳಿದದ್ದನ್ನು, ವರ್ಷಕ್ಕೆ ಎಷ್ಟು ಬಿಲ್ಲು ಉಳಿಯುತ್ತದೋ ಅದರಿಂದ ಭಾಗಿಸಿದರೆ ಹಾಕಿದ ರೊಕ್ಕ ಎಷ್ಟು ವರ್ಷಕ್ಕೆ ತಿರುಗಿ ಬರುತ್ತದೆ ಅಂತ ಗೊತ್ತಾಗುತ್ತದೆ. ಲೈನು ಹೋದಾಗ ಇದು ನಡೆಯುತ್ತದೆಯೇ ಅಂತ ತಮ್ಮ ಕೇಳಿದ. ಬ್ಯಾಟರಿ ಇಲ್ಲದಿದ್ದರೆ ಲೈನಿನ ಜೊತೆ ಇದೂ ಹೋಗುತ್ತದೆ, ಬ್ಯಾಟರಿಯ ಖರ್ಚು ಬೇರೆ ಅಂದ. ಸೋಲಾರ್ ಹಾಕಿಸಿದ ಮೇಲೆ ಪುಕ್ಕಟೆ ಕರೆಂಟಿನದು ಏನಾಗುತ್ತದೆ ಅಂದದ್ದಕ್ಕೆ, ಅದನ್ನು ಆಫೀಸಿನಲ್ಲಿ ಕೇಳಿಯೇ ಹೇಳಬೇಕು ಅಂದ. ಸುಳ್ಳು ಹೇಳಿ ಮಾರುವ ಜಾತಿಯಲ್ಲ ಅನ್ನಿಸಿತು. ಕೊನೆಗೆ ಅವನು ಮೊಬೈಲು ಕೆಳಗಿಟ್ಟ.

"ನೋಡ್ರಿ, ಬ್ಯಾಸಗ್ಯಾಗಿನ ಒಂದು ಬಿಲ್ ಬಿಟ್ರ ನಿಮ್ಮವೆಲ್ಲ ಸೊನ್ನಿ ಅದಾವ. ಸೊನ್ನ್ಯಾಗ ನಾ ಉಳಿತಾಯ ಎಲ್ಲಿಂದ ತರ್ಲಿ? ಇಷ್ಟೇ ಸಾಮಾನಿದ್ರ ನಿಮಗ ಸೋಲಾರ್ ಬ್ಯಾಡ್ರಿ."

ತಮ್ಮ ಪೆಚ್ಚಾಗಿ ನಕ್ಕ. ಸುಡುವವರಿಗೇ ಉಳಿತಾಯ, ಸುಡದವರಿಗೆ ಏನೂ ಇಲ್ಲ, ಛಲೋ ಹಿಸಾಬು ಅಂದ. ಅವನ ಹೆಂಡತಿ ನಗಲಿಲ್ಲ. ಅವಳ ಮುಖ ಇಳಿದುಹೋಗಿತ್ತು. ಹೊಸ ಸಾಮಾನು ತವರಿನವರಿಗೆ ತೋರಿಸುವ ಆಸೆ ಮುರಿಯಿತು ಪಾಪ, ಅಂತ ನಾನು ಒಳಗೊಳಗೇ ಕುಹಕವಾಡಿಕೊಂಡೆ. ಈ ಮಾತನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಅವಳು ಚಹಾ ತರಲು ಎದ್ದಳು. ಸೋಲಾರಿನವನಿಗೆ ಸುಮ್ಮನೆ ಕೂತು ಗೊತ್ತಿಲ್ಲ, ಮೂಲೆಯಲ್ಲಿದ್ದ ಫ್ರಿಡ್ಜಿನ ಹತ್ತಿರ ಹೋದ. ಅದು ಬಂದ್ ಬಿದ್ದದ್ದು ಅಂತ ಅವಳು ಮೊದಲೇ ಹೇಳಿ, ಲೆಕ್ಕಕ್ಕೆ ಬರೆಸದೆ ಬಿಟ್ಟಿದ್ದಳು. ಇದನ್ನು ಮಾಡಿಸುವುದಿದ್ದರೆ ಲೆಕ್ಕದಲ್ಲಿ ಹಿಡಿಯಬೇಕಾಗುತ್ತದೆ, ಏನಾಗಿದೆ ನೋಡೋಣ ಅನ್ನುತ್ತ, ಹಳೆ ರೂಢಿಯ ಕೈ, ಸುತ್ತಿಟ್ಟ ವೈರು ಬಿಚ್ಚಿ ಪ್ಲಗ್ಗು ಹಾಕಿಯೇಬಿಟ್ಟ. ಅಡುಗೆಮನೆಯಿಂದ ಅವಳು ಬೇಡ್ರಿ ಅನ್ನುವಷ್ಟರಲ್ಲಿ ಫ್ರಿಡ್ಜು ಒಮ್ಮೆ ನಡುಗಿ ಗುಂಯ್ ಅನ್ನತೊಡಗಿತು. ಅವನು ಬಾಗಿಲು ತೆರೆದ. ಒಳಗಿನ ಲೈಟು ಹತ್ತಿತು. ಹಾಲು ಮೊಸರು ಇರಬೇಕಾದ ಕಡೆ ತೊಗರಿಬೇಳೆಯ ಡಬ್ಬಿ, ಬೆಲ್ಲದ ಡಬ್ಬಿ, ಮಡಚಿಟ್ಟ ಕೈಚೀಲಗಳು. ಕಪಾಟಿನ ಹಾಗೆ ಜೋಡಿಸಿ ಇಟ್ಟಿದ್ದಳು. ಅವನು ಹಿಂದೆ ಕೈಯಿಟ್ಟು ನೋಡಿ, ಕಂಪ್ರೆಸರ್ ಗಟ್ಟಿ ಅದರಿ, ಏನೂ ಆಗಿಲ್ಲ, ಅಂದ.

ತಮ್ಮ ನೆಲ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಚಹಾದ ಬಟ್ಟಲು ಹಿಡಿದು ನಿಂತಿದ್ದಳು, ಕಳ್ಳತನದಲ್ಲಿ ಸಿಕ್ಕವಳ ಹಾಗೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆಯಿಂದ ನಾನು ಹೊತ್ತು ತಿರುಗುತ್ತಿದ್ದುದು ಅದೇ ಮುಖವನ್ನು.

"ಇದೊಂದು ಬಂದ್ ಇದ್ರ ಇನ್ನೂರೊಳಗ ಕೂಡ್ತದ ಅಂತ ಮಾಡಿದ್ವಿರಿ ಅಕ್ಕಾರ," ಅಂದಳು, ನನ್ನನ್ನು ನೋಡದೆ. "ನಿಮ್ಮ ಕೂಲರ್, ಇಸ್ತ್ರಿ ನಡೀಲಿ ಅಂತ. ನೀವು ಅವನ್ನೂ ಬಂದ್ ಮಾಡಿ ಕುಂತ್ರಿ. ಹೇಳಿದ್ರ ನಿಮಗ ಬ್ಯಾರೆ ಅನಸ್ತದ ಅಂತ ಹೇಳ್ಲಿಲ್ಲ. ಸೋಲಾರ್ ಹಾಕಿಸಿದ್ರ ಎಲ್ಲಾ ನಡೀತಾವ ಅಂತ ಇವರನ್ನ ಕರೆಸೇವ್ರಿ."

ಸೋಲಾರಿನವನು ಫ್ರಿಡ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ನನಗೆ ನಾಚಿಕೆಯಾಯಿತು. ಭಾಲ್ಕಿಯಲ್ಲಿ ಆಗುತ್ತಿದ್ದ ನಾಚಿಕೆ ಬೇರೆ. ಅದರಲ್ಲಿ ಸಿಟ್ಟಿಗೆ ಒಂದು ಜಾಗ ಇತ್ತು, ಮೈದುನನನ್ನು ಬೈದುಕೊಂಡು ಮಲಗಬಹುದಿತ್ತು. ಇಲ್ಲಿ ಬೈಯಲು ಯಾರೂ ಇರಲಿಲ್ಲ. ಇಡೀ ಬೇಸಗೆ ಒಡೆದ ಹಾಲು, ಮಡಕೆ ನೀರು, ಅವಳು ದಿನಕ್ಕೆ ಎರಡು ಸಲ ಹಾಲಿನ ಅಂಗಡಿಗೆ ಓಡಿದ್ದು, ಎಲ್ಲ ಕಣ್ಣ ಮುಂದೆ ಬಂತು. ಅವಳು ಸುಮ್ಮನಿದ್ದಾಗಲೆಲ್ಲ ಅದಕ್ಕೆ ನಾನು ಹಚ್ಚಿದ ಅರ್ಥಗಳೂ ಬಂದವು. ತಾಟಿಗೆ ಬಿದ್ದ ಹೋಳಿಗೆ ಬಂತು. ಆಪಾನ ಮುಂದೆ ಅವಳ ತವರನ್ನು ಎತ್ತಿ ಆಡಿದ್ದು ಬಂತು. ಒಂದು ಮನೆಯಲ್ಲಿ ಮೀಟರು ಓದಿಸಿಕೊಂಡು ಬಂದವಳು, ಇನ್ನೊಂದು ಮನೆಯನ್ನೂ ಅದೇ ಮೀಟರಿನಿಂದ ಓದುತ್ತ ಕೂತಿದ್ದೆ.

ಎದ್ದು ನನ್ನ ಕೋಣೆಗೆ ಹೋದೆ. ಅಳಲು ಹೋದಳು ಅಂದುಕೊಂಡಿರಬೇಕು ಅವರು. ಅಳು ಬಂದಿತ್ತು, ಆದರೆ ಮೊದಲು ಟ್ರಂಕಿನ ಬೀಗ ತೆಗೆದೆ. ಮದುವೆ ಸೀರೆಗಳನ್ನು ಮಂಚದ ಮೇಲೆ ಹರವಿ ತಳದಿಂದ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡೆ. ಬಗ್ಗಿ ರಾಡನ್ನು ಎಳೆದೆ, ಅದರ ಜೊತೆ ಕಸವೂ ಬಂತು. ಮೋಟರನ್ನು ಬಗಲಲ್ಲಿ ಇಟ್ಟುಕೊಂಡೆ. ಮೂರನ್ನೂ ತಂದು ಸೋಲಾರಿನವನ ಮುಂದೆ ಚಾಪೆಯ ಮೇಲೆ ಇಟ್ಟೆ. ಕೂಲರು ಎತ್ತಲು ಆಗುವುದಿಲ್ಲ, ಒಳಗೆ ಚಾದರದ ಕೆಳಗಿದೆ ಅಂತ ಹೇಳಿದೆ.

"ಇವನ್ನೂ ಬರಕೋರಿ."

ಅವನು ಇಸ್ತ್ರಿಪೆಟ್ಟಿಗೆ ತಿರುಗಿಸಿ ಅದರ ತಳದ ಚೀಟಿಯಲ್ಲಿ ಎಷ್ಟು ವ್ಯಾಟು ಅಂತ ಓದಿದ. ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಿದ. ಕದ್ದು ಮಾಡುವಾಗಿನ ಹೊತ್ತೋ, ಧೈರ್ಯವಾಗಿ ಮಾಡುವಾಗಿನ ಹೊತ್ತೋ ಅಂತ ನಾನು ಕೇಳಿದ್ದಕ್ಕೆ ತಮ್ಮ ಮುಖ ಆಚೆ ತಿರುಗಿಸಿಕೊಂಡ. ಖರೇ ಹೊತ್ತು ಹೇಳ್ರಿ, ಅಂದ ಸೋಲಾರಿನವನು. ಹೇಳಿದೆ. ಅವನು ಬರೆಯುತ್ತ ಬರೆಯುತ್ತ, ಇವು ಯಾವ ರೂಮಿನವು, ಮುಂದಿಂದೇನ್ರಿ, ಬ್ಯಾರೆ ಹಾಕ್ಲೇನು ಅಂತ ಕೇಳಿದ. ಅವನ ಕಾಗದದಲ್ಲಿ ಕೋಣೆಗೊಂದು ಗೆರೆ ಇತ್ತು, ಅದಕ್ಕೆ ಕೇಳಿದ. ನಾನು ಹೌದು ಅನ್ನಲು ಬಾಯಿ ತೆರೆದಿದ್ದೆ.

"ರೂಮ್ ಯಾಕ ಬರೀತೀರಿ," ಅಂದಳು ತಮ್ಮನ ಹೆಂಡತಿ, ಚಹಾದ ಬಟ್ಟಲು ಅವನ ಮುಂದೆ ಇಡುತ್ತ. "ಮನಿದು ಅಂತ ಬರೀರಿ."

ಅವನು ಹಾಗೇ ಬರೆದ. ಫ್ರಿಡ್ಜನ್ನೂ ಕೂಡಿಸಿ ಮತ್ತೆ ಲೆಕ್ಕ ಮಾಡಿದ. ಹೀಗೆ ಎಲ್ಲವನ್ನೂ ಧೈರ್ಯವಾಗಿ ನಡೆಸಿದರೆ ಹೆಚ್ಚಿನ ತಿಂಗಳು ಗೆರೆ ದಾಟುತ್ತದೆ, ಎರಡು ಕಿಲೋವ್ಯಾಟು ಬೇಕಾಗುತ್ತದೆ, ಐದಾರು ವರ್ಷದಲ್ಲಿ ಹಾಕಿದ ರೊಕ್ಕ ತಿರುಗಿ ಬರಬಹುದು, ಪಕ್ಕಾ ಹೇಳಲಾರೆ ಅಂದ. ತಮ್ಮ, ಗೋದಾಮಿನಲ್ಲಿ ಮಾತಾಡಿ ನೋಡುತ್ತೇನೆ, ಒಂದಿಷ್ಟು ಮುಂಗಡ ಸಿಗುತ್ತದೆ ಅಂದ. ನನ್ನ ಹೊಲಿಗೆಯ ದುಡ್ಡೂ ಸೇರಲಿ ಅಂತ ನಾನು ಅಂದದ್ದಕ್ಕೆ ಅವನು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ನಾನು ಮತ್ತೆ ಕುಗ್ಗಿಹೋಗುತ್ತಿದ್ದೆ. ಅದು ಅವನಿಗೆ ತಿಳಿದಿತ್ತು ಅಂತ ಕಾಣುತ್ತದೆ.

ಸೋಲಾರಿನವನು ಹೋದ ಮೇಲೆ ಅವಳು ಫ್ರಿಡ್ಜಿನಿಂದ ಬೇಳೆಯ ಡಬ್ಬಿಗಳನ್ನು ತೆಗೆಯತೊಡಗಿದಳು. ನಾನೂ ಹೋಗಿ ಒರೆಸಲು ಕೂತೆ. ಕ್ಷಮೆ ಕೇಳುವ ಮಾತು ನಾಲಗೆಯ ತುದಿಗೆ ಬಂದು ಬಂದು ಹೋಯಿತು. ತಂಗಿ, ಅಂದೆ. ಆಪಾನ ಹತ್ರ ನಮ್ಮ ಹಾಲಿನ ಗಿಂಡಿ ಅದರಿ ಅಕ್ಕಾರ, ಅವರ ಫ್ರಿಡ್ಜಿನ್ಯಾಗ, ಒಂದಿಷ್ಟು ತರ್ತೀರೇನ್ರಿ, ಅಂದಳು ಅವಳು. ಒರೆಸುವ ಬಟ್ಟೆ ನನ್ನ ಕೈಯಲ್ಲೇ ನಿಂತಿತು. ಅಂದರೆ ಬೇಸಗೆ ಪೂರ್ತಿ ಸಂಜೆಯ ಹಾಲು ಆಪಾನ ಮನೆಯಲ್ಲಿ ಇರುತ್ತಿತ್ತು. ಹಾಗಾದರೆ ನಾನು ಹುಕ್ಕು ಹಚ್ಚುತ್ತ ಅವಳನ್ನು ಆಡಿಕೊಂಡ ದಿನವೂ ಇತ್ತು.

ಆಪಾನ ಬಾಗಿಲಲ್ಲಿ ನಿಂತಾಗ ನನಗೆ ತಲೆ ಎತ್ತಲು ಆಗಲಿಲ್ಲ. ಆಪಾ ಏನೂ ಕೇಳದೆ ಒಳಗೆ ಹೋಗಿ ಗಿಂಡಿ ತಂದುಕೊಟ್ಟರು. ಫ್ರಿಡ್ಜು ಸರಿಯಾಯಿತೇನು ಅಂದರು. ಅದು ಕೆಟ್ಟೇ ಇರಲಿಲ್ಲ ಆಪಾ, ಅಂದೆ. ಗೊತ್ತಿತ್ತು, ಅಂದರು. ನಾನು ಅವತ್ತು ಆಡಿದ ಮಾತು ಅವಳಿಗೆ ಹೇಳಿದ್ದೀರಾ ಅಂತ ಕೇಳಿದೆ. ಇಲ್ಲ ಅನ್ನುವಂತೆ ಆಪಾ ತಲೆ ಅಲ್ಲಾಡಿಸಿ, ಗಿಂಡಿಯ ಮೇಲೆ ತಟ್ಟೆ ಸರಿಯಾಗಿ ಮುಚ್ಚಿ, ಚೆಲ್ಲಬೇಡ, ಮನೆಗೆ ಹೋಗು ಅಂದರು.

ಗಲ್ಲಿಯಲ್ಲಿ ಬ್ಲೌಸು ಹೊಲಿಸುವ ಒಬ್ಬ ಗಿರಾಕಿ ಎದುರು ಸಿಕ್ಕಳು. ಹಾಲು ಹಿಡಿದು ಎಲ್ಲಿಗೆ ಹೊರಟಿರಿ ಅಂತ ಕೇಳಿದಳು. ತಮ್ಮನ ಮನೆಗೆ ಅನ್ನುವ ಮಾತು ರೂಢಿಯಂತೆ ಬಾಯಿಗೆ ಬಂತು, ಅದನ್ನು ನುಂಗಿಕೊಂಡೆ. ನಮ್ಮ ಮನೆಗೆ, ಅಂದೆ. ಹೇಳುವಾಗ ಮುಖಕ್ಕೆ ರಕ್ತ ನುಗ್ಗಿತು, ಎಷ್ಟು ತಡವಾಗಿ ಹೇಳುತ್ತಿದ್ದೇನೆ ಅಂತ. ಅವಳಿಗೆ ಅದೇನೂ ಕಾಣಲಿಲ್ಲ, ಬ್ಲೌಸು ಯಾವಾಗ ಕೊಡ್ತೀರಿ ಅಂದಳು. ನಾಳೆ, ಇಸ್ತ್ರಿ ಮಾಡಿಯೇ ಕೊಡುತ್ತೇನೆ ಅಂತ ಹೇಳಿ ಒಳಗೆ ಬಂದು, ಗಿಂಡಿಯನ್ನು ಫ್ರಿಡ್ಜಿನಲ್ಲಿ ಇಟ್ಟೆ.